ಪೆಟ್ಟು ಜೋರಾದರೆ ಮಾತ್ರ ಕಷ್ಟ ಅಂತಲ್ಲ

ಡಾರ್ಕ್ ಸೋಲ್ಸ್, ಎಲ್ಡನ್ ರಿಂಗ್‌ನಂಥ ಕಷ್ಟದ ವಿಡಿಯೊ ಗೇಮ್‌ಗಳ ಬಗ್ಗೆ ಒಂದು ಲೇಖನ ಓದಿದೆ. ಶತ್ರುವಿಗೆ ಹೆಲ್ತ್ ಜಾಸ್ತಿ ಕೊಟ್ಟು ಪೆಟ್ಟು ಜೋರು ಮಾಡಿದರೆ ಗೇಮ್ ಕಷ್ಟ ಆಗುತ್ತದೆ, ಇವುಗಳಲ್ಲಿ ಇರುವುದೇ ಅಷ್ಟು ಅಂತ ಅದರಲ್ಲಿದೆ. ನಾನು ಒಪ್ಪುವುದಿಲ್ಲ. 2011ರ ಡಾರ್ಕ್ ಸೋಲ್ಸ್‌ನ ಅನೋರ್ ಲೋಂಡೋ ಅನ್ನುವ ನಗರ ನೋಡಿ. ಇಕ್ಕಟ್ಟಾದ ಗೋಡೆ ಅಂಚಿನಲ್ಲಿ ಹತ್ತಬೇಕು, ಎರಡೂ ಕಡೆಯಿಂದ ಬೆಳ್ಳಿ ಕವಚದ ಇಬ್ಬರು ಈಟಿಯಷ್ಟು ದೊಡ್ಡ ಬಾಣ ಬಿಡುತ್ತಾ ಇರುತ್ತಾರೆ, ತಾಗಿದರೆ ಸೀದಾ ಕೆಳಗೆ. ಅಲ್ಲಿ ಕೊಲ್ಲುವುದು ಬಾಣಕ್ಕಿಂತ ಜಾಸ್ತಿ ಆ ಜಾಗ. ನಿಂತರೆ ಮುಗಿಯಿತು. ಬಲಗಡೆಯವನ ಹತ್ತಿರ ಓಡಿದರೆ ಅವನು ಬಿಲ್ಲು ಬಿಟ್ಟು ಕತ್ತಿ ತೆಗೆಯುತ್ತಾನೆ, ಅಲ್ಲಿಂದ ಅದು ಬೇರೆಯೇ ಜಗಳ.

2022ರ ಎಲ್ಡನ್ ರಿಂಗ್‌ನ ಮಾರ್ಗಿಟ್ ಅನ್ನುವ ಬಾಸ್, ಅಂದರೆ ದೊಡ್ಡ ಶತ್ರು, ಇನ್ನೊಂದು ಥರ. ಕೋಲು ಎತ್ತಿ ಸುಮ್ನೆ ಹಿಡಿದುಕೊಳ್ಳುತ್ತಾನೆ, ನಾವು ತಪ್ಪಿಸಿಕೊಳ್ಳಲು ಗಾಬರಿಯಲ್ಲಿ ಉರುಳಿ ಎದ್ದ ಮೇಲೆ ಬಾರಿಸುತ್ತಾನೆ. ನಮ್ಮ ಕುಂಬಳೆ ಕಡೆಯ ಬಯಲಾಟದಲ್ಲಿ ಚೆಂಡೆ ಪೆಟ್ಟು ತಡೆದು ಬೀಳುವಾಗ ಎದೆ ಹೊಡೆದುಕೊಳ್ಳುತ್ತದಲ್ಲ, ಹಾಗೆ. ಕಣ್ಣಿಟ್ಟು ನೋಡಿದರೆ ಕಲಿಯಬಹುದು, ಮೋಸ ಇಲ್ಲ ಅಲ್ವಾ?

ಕ್ಯಾಮೆರಾಗೆ ಕಾಣದ ಮೂಲೆಯಿಂದ ಗುಂಪು ಬಿಡುವುದು ಮಾತ್ರ ನನಗೆ ಆಗುವುದಿಲ್ಲ. ಸತ್ತಾಗಲೆಲ್ಲ ಬಾಸ್ ತನಕ ದೂರ ಓಡಿಸುವುದೂ ಅಷ್ಟೇ. ಎಲ್ಡನ್ ರಿಂಗ್‌ನಲ್ಲಿ ಹಲವು ಬಾಸ್‌ಗಳ ಹತ್ತಿರವೇ ಸತ್ತ ಮೇಲೆ ಮತ್ತೆ ಎದ್ದು ಬರುವ ಜಾಗವಾಗಿ ಮಾರಿಕಾ ಪ್ರತಿಮೆ ಇಟ್ಟು ಆ ಕಾಟ ತಪ್ಪಿಸಿದ್ದಾರೆ, ಹಾಗಂತ ಬಾಸ್ ಸುಲಭ ಆಗಲಿಲ್ಲ.