ಲಾರಿಯ ಅಜ್ಞಾತವಾಸ

ಲಾರಿಗೆ ಮುಪ್ಪು ಬರುವುದು ಎಂಜಿನ್ ಸವೆದಾಗ ಎಂದು ಮೆಕ್ಯಾನಿಕ್‌ಗಳು ತಿಳಿದುಕೊಂಡಿದ್ದಾರೆ. ಪಾಪ, ಅವರು ಗೆಜೆಟ್ ಓದುವುದಿಲ್ಲ. ಲಾರಿಗೆ ಮುಪ್ಪು ಬರುವುದು ಕ್ಯಾಲೆಂಡರಿನಿಂದ. ಅದೂ ಎಂಥ ಮುಪ್ಪು! ಒಂದು ವಯಸ್ಸಿಗೆ ಗುಜರಿ, ಇನ್ನಷ್ಟು ವಯಸ್ಸಾದರೆ ಪರಂಪರೆ. ನಡುವೆ ಸಿಕ್ಕಿಕೊಂಡ ಲಾರಿಯಷ್ಟು ದೊಡ್ಡ ಅಪರಾಧಿ ಮತ್ತೊಂದಿಲ್ಲ.

ಜರ್ಮನಿಯನ್ನೇ ನೋಡಿ. 2008ರಿಂದ ಅಲ್ಲಿನ ನಗರಗಳಲ್ಲಿ ಒಂದೊಂದಾಗಿ ಪರಿಸರ ವಲಯಗಳು ಹುಟ್ಟಿಕೊಂಡವು. ಈಗ ಹೊಗೆ ಕಡಿಮೆ ಎಂದು ಸಾರುವ ಹಸಿರು ಸ್ಟಿಕ್ಕರ್ ಗಾಜಿನ ಮೇಲೆ ಇಲ್ಲದ ಗಾಡಿ ಅಲ್ಲಿ ಕಾಲಿಡುವಂತಿಲ್ಲ. 29 ವರ್ಷದ ಡೀಸೆಲ್ ಲಾರಿಯೊಂದು ಬಾಗಿಲಲ್ಲಿ ಬಂದು ನಿಂತರೆ ಅದು ಗಾಳಿಗೆ ವಿಷ ಬೆರೆಸುವ ಪಾಪಿ. ಸರಿ ಎಂದು ವಾಪಸ್ ಹೋಗಿ, ಒಂದು ವರ್ಷ ತಾಡಪಾಲು ಹೊದ್ದು ಮಲಗಿ, 30 ತುಂಬಿದ ಮೇಲೆ ‘ಮೂಲರೂಪದಲ್ಲಿ ಚೆನ್ನಾಗಿದ್ದೇನೆ’ ಎಂದು ತೋರಿಸಿ, ನಂಬರ್ ಪ್ಲೇಟಿನ ಕೊನೆಗೆ ‘ಐತಿಹಾಸಿಕ’ ಎಂದು ಸೂಚಿಸುವ ‘ಎಚ್’ ಅಕ್ಷರ ಬರೆಸಿಕೊಂಡು ಬಂದರೆ? ಸ್ಟಿಕ್ಕರ್ ಗೊಡವೆಯೇ ಇಲ್ಲ, ಸೀದಾ ಒಳಗೆ. ಅದೇ ಎಂಜಿನ್, ಅದೇ ಸೈಲೆನ್ಸರ್. ಆದರೆ ಈಗ ಬರುತ್ತಿರುವುದು ಐತಿಹಾಸಿಕ ಹೊಗೆ, ಕೆಮ್ಮಿದವರಿಗೆ ರಸಪ್ರಜ್ಞೆ ಸಾಲದು ಅಷ್ಟೆ. ತೆರಿಗೆಯೂ ಒಂದೇ ದರ, ಎಂಜಿನ್ ಎಷ್ಟೇ ದೊಡ್ಡದಿರಲಿ ವರ್ಷಕ್ಕೆ 191 ಯೂರೊ 73 ಸೆಂಟ್. ಆ 73 ಸೆಂಟ್ ಎಲ್ಲಿಂದ ಬಂತು ಅಂತೀರಾ? ಹಿಂದೆ 375 ಮಾರ್ಕ್ ಇತ್ತು, ಯೂರೊಗೆ ತಿರುಗಿಸಿದಾಗ ಚಿಲ್ಲರೆ ಉಳಿಯಿತು. ಹಳೆಯದನ್ನು ಮೂಲರೂಪದಲ್ಲಿ ಕಾಪಾಡುವುದರಲ್ಲಿ ತೆರಿಗೆ ಇಲಾಖೆ ಲಾರಿಗಿಂತ ಒಂದು ಕೈ ಮೇಲು.

ಬ್ರಿಟನ್ನಿನವರದು ಇನ್ನೂ ನಾಜೂಕು. 1960ಕ್ಕೂ ಮೊದಲು ತಯಾರಾದ, ಹೆಚ್ಚೇನೂ ಮಾರ್ಪಡಿಸದ ಸರಕು ಲಾರಿಗೆ ವಾರ್ಷಿಕ ತಪಾಸಣೆ ಬೇಕಿಲ್ಲ, ಖಾಲಿ ಓಡುವುದಾದರೆ. ಲಾರಿ ಇರುವುದೇ ಹೊರೆ ಹೊರಲು ಎಂಬ ಮಾತನ್ನು ಅಲ್ಲಿ ಯಾರೂ ಎತ್ತಿದಂತಿಲ್ಲ.

ನಮ್ಮವರು ಹಿಂದೆ ಬಿದ್ದಾರೆಯೇ? 2015ರಲ್ಲಿ ಹಸಿರು ನ್ಯಾಯಮಂಡಳಿ ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳು ರಸ್ತೆಗಿಳಿಯಬಾರದು ಎಂದಿತು. ಹೊಗೆ ಎಷ್ಟು ಬಿಡುತ್ತದೆ ಎಂಬುದಲ್ಲ, ಹುಟ್ಟಿದ್ದು ಯಾವಾಗ ಎಂಬುದೇ ಪ್ರಶ್ನೆಯಾಗಿತ್ತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆಯೇ ನಿಯಮ ತಂದಿತು. 50 ವರ್ಷ ದಾಟಿರಬೇಕು, ನಂಬರಿನಲ್ಲಿ ‘ವಿಎ’ ಎಂಬ ಗೌರವಾಕ್ಷರ. ಹತ್ತರಿಂದ ಐವತ್ತು, ಲೆಕ್ಕ ಹಾಕಿ. ಪಾಂಡವರಿಗೆ ಅಜ್ಞಾತವಾಸ ಒಂದೇ ವರ್ಷ. ಗಾಡಿಗೆ 40! ಅಷ್ಟು ವರ್ಷ ಯಾವ ಶಮೀವೃಕ್ಷದ ಮೇಲೆ ಬಚ್ಚಿಡುವುದು ಎಂದು ನಿಯಮದಲ್ಲಿ ಹೇಳಿಲ್ಲ. ಹೇಗೋ ಬಚ್ಚಿಟ್ಟು ಹೊರಗೆ ತಂದಿರಿ ಎನ್ನಿ, ಲಾರಿಗೆ ಆಗಲೂ ರಾಜ್ಯ ಸಿಗುವುದಿಲ್ಲ. ವಿಂಟೇಜ್ ಗೌರವ ಇರುವುದು ಎರಡು ಚಕ್ರದ, ನಾಲ್ಕು ಚಕ್ರದ ಗಾಡಿಗಳಿಗೆ, ಅದೂ ಬಾಡಿಗೆಗೆ ದುಡಿಯದವಕ್ಕೆ. ಶ್ರೀಮಂತರ ಶೆಡ್ಡಿನಲ್ಲಿ ಐವತ್ತು ವರ್ಷ ನಿದ್ದೆ ಮಾಡಿದ ಕಾರು ಪರಂಪರೆ. ಐವತ್ತು ವರ್ಷ ಸಿಮೆಂಟು, ಕಬ್ಬು, ಮರಳು ಹೊತ್ತ ಲಾರಿ ಕಬ್ಬಿಣದ ತೂಕ.

ಅಮೆರಿಕದವರು ಮಾತ್ರ ಇದನ್ನು ತಲೆಕೆಳಗು ಮಾಡಿದರು. ಚಾಲಕ ಎಷ್ಟು ಗಂಟೆ ಓಡಿಸಿದ, ಎಷ್ಟು ಮಲಗಿದ ಎಂದು ಲೆಕ್ಕವಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ 2017ರ ಡಿಸೆಂಬರಿನಲ್ಲಿ ಕಡ್ಡಾಯವಾಯಿತು. ಆದರೆ 1999 ಅಥವಾ ಅದಕ್ಕೂ ಹಿಂದಿನ ಮಾದರಿಯ ಎಂಜಿನ್ ಇದ್ದರೆ ಪೆಟ್ಟಿಗೆ ಬೇಡ, ಪುಸ್ತಕದಲ್ಲಿ ಪೆನ್ನಿನಿಂದ ಬರೆದರಾಯಿತು. ಹಳೆ ಎಂಜಿನ್ ಓಡಿಸುವವನು ಸುಳ್ಳು ಬರೆಯುವುದಿಲ್ಲ ಎಂಬ ನಂಬಿಕೆ ಇರಬೇಕು. ಅಥವಾ ಆ ಗದ್ದಲದಲ್ಲಿ ಯಾರಿಗೂ ತೂಕಡಿಕೆ ಹತ್ತುವುದಿಲ್ಲ ಎಂಬ ಅಂದಾಜು. ಇಲ್ಲಿ ಎಣಿಸುವುದು ಎಂಜಿನ್ನಿನ ವಯಸ್ಸನ್ನು. ಹಾಗಾಗಿ ಹೊಸ ಕ್ಯಾಬಿನ್, ಹೊಸ ಚಾಸಿಗೆ ಹಳೆ ಎಂಜಿನ್ ಕೂರಿಸಿದ ಲಾರಿಯೂ ಹಿರಿಯ ನಾಗರಿಕನೇ. ಒಂದೇ ಲಾರಿಗೆ ಎರಡು ಜಾತಕ, ಯಾವುದು ಕೂಡಿಬರುತ್ತದೋ ಅದನ್ನು ತೋರಿಸಿದರಾಯಿತು.

ಇಷ್ಟೆಲ್ಲ ಆದರೂ ಈ ಮುದುಕರು ಸಾಯುವುದಿಲ್ಲ. ಮರ್ಸಿಡೀಸ್‌ನವರು 1959ರಲ್ಲಿ ಹೊರತಂದ ಗಿಡ್ಡ ಮೂತಿಯ ಲಾರಿಗಳು ಆಫ್ರಿಕಾದಲ್ಲೂ ದಕ್ಷಿಣ ಅಮೆರಿಕದಲ್ಲೂ ಇನ್ನೂ ಹೊರೆ ಹೊರುತ್ತಿವೆ. ಪಾಕಿಸ್ತಾನದಲ್ಲಿ ಬೆಡ್‌ಫೋರ್ಡ್ ಲಾರಿಗಳು ಮೈತುಂಬ ಚಿತ್ತಾರ ಬರೆಸಿಕೊಂಡು ಘಟ್ಟ ಹತ್ತುತ್ತವೆ, ಅವನ್ನು ಹೆತ್ತ ಬ್ರಿಟನ್ನಿನ ಕಾರ್ಖಾನೆ ಬಾಗಿಲು ಹಾಕಿ ಕಾಲವಾಗಿದೆ. ಮಗುವಿಗಿಂತ ತಾಯಿ ಮೊದಲು ಹೋಗುವುದು ಲೋಕರೂಢಿ ಬಿಡಿ.

ಇವು ಯಾಕೆ ಬದುಕುತ್ತವೆ ಎಂಬುದು ಬಾನೆಟ್ ಎತ್ತಿದರೆ ತಿಳಿಯುತ್ತದೆ. ಬೆಳಿಗ್ಗೆ ಲಾರಿ ಸ್ಟಾರ್ಟ್ ಆಗಲಿಲ್ಲ. ಚಾಲಕ ಲ್ಯಾಪ್‌ಟಾಪ್ ಹುಡುಕುವುದಿಲ್ಲ. ‘ಲೈನಲ್ಲಿ ಏರ್ ಹಿಡ್ದೈತೆ’ ಅನ್ನುತ್ತಾನೆ. ಒಂದು ಸ್ಪ್ಯಾನರ್ ತೆಗೆದು ಫಿಲ್ಟರ್ ಮೇಲಿನ ಸ್ಕ್ರೂ ಅರ್ಧ ಸುತ್ತು ಸಡಿಲಿಸುತ್ತಾನೆ, ಕೈಪಂಪು ಒತ್ತುತ್ತಾನೆ. ಬುಳಬುಳ ನೊರೆ ಬರುತ್ತದೆ. ನೊರೆ ನಿಂತು ಬರೀ ಡೀಸೆಲ್ ಬಂದ ಮೇಲೆ ಸ್ಕ್ರೂ ಬಿಗಿದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾನೆ. ಸೆಲ್ಫ್ ಹೊಡೆದರೆ ಒಂದು ಕರಿಮೋಡ, ಆಮೇಲೆ ಗುಡುಗು. ಬ್ಯಾಟರಿ ಸತ್ತಿದ್ದರೆ ಇಳಿಜಾರು ಸಾಕು.

ಹೊಸ ಲಾರಿ ಹಾಗಲ್ಲ, ಸುಶಿಕ್ಷಿತ. ಹೊಗೆ ತೊಳೆಯಲು ಅದಕ್ಕೆ ಯೂರಿಯಾ ದ್ರಾವಣ ಬೇಕು. ದ್ರಾವಣ ತುಂಬಿಯೇ ಇದ್ದರೂ ಅದನ್ನು ನೋಡಿಕೊಳ್ಳುವ ಸೆನ್ಸರ್ ಮುನಿಸಿಕೊಂಡರೆ ಸಾಕು, ಗಾಡಿ ತನ್ನನ್ನು ತಾನೇ ಶಿಕ್ಷಿಸಿಕೊಳ್ಳುತ್ತದೆ. ಅಮೆರಿಕದಲ್ಲಿ ಆ ಶಿಕ್ಷೆಯ ಕೊನೆಯ ಹಂತ ಗಂಟೆಗೆ 5 ಮೈಲಿ, ಅಂದರೆ 8 ಕಿಲೋಮೀಟರ್. ಹತ್ತಾರು ಟನ್ ಸರಕು ಹೇರಿಕೊಂಡು ಹೆದ್ದಾರಿಯಲ್ಲಿ ವಾಕಿಂಗ್ ಹೊರಟಂತೆ. ಈ ಶಿಕ್ಷೆ ಅತಿಯಾಯಿತೆಂದು 2025ರಲ್ಲಿ ಅಲ್ಲಿನ ಸರ್ಕಾರಕ್ಕೂ ಅನ್ನಿಸಿ, ಸಡಿಲಿಸಲು ಹೊರಟಿತು.

ಹಾಗೆಂದು ಹಳೆ ಲಾರಿ ಧೂಪ ಬಿಡುತ್ತದೆ ಎಂದು ನಾನು ವಾದಿಸಿದರೆ ಲಾರಿಯೇ ನಕ್ಕೀತು. ಹೊಗೆ ಹೊಗೆಯೇ, ಹಳೆ ಡ್ರಮ್ ಬ್ರೇಕಿನ ಮೇಲೆ ಭಾರ ಹಾಕಿ ಘಟ್ಟ ಇಳಿಯುವವರ ಹಿಂದೆ ನಾನಂತೂ ಹೋಗುವುದಿಲ್ಲ, ಮುಂದೆ ಮೊದಲೇ ಇಲ್ಲ. ಹೊಗೆ ಅಳೆಯಲು ಯಂತ್ರವಿದೆ, ಬ್ರೇಕ್ ಪರೀಕ್ಷೆಗೆ ರೋಲರ್ ಇದೆ. ಆದರೆ ಯಂತ್ರಕ್ಕೆ ಕರೆಂಟು ಬೇಕು, ರೋಲರಿಗೆ ಜಾಗ ಬೇಕು, ಎರಡಕ್ಕೂ ಕೆಲಸ ಬಲ್ಲ ಜನ ಬೇಕು. ಹುಟ್ಟಿದ ವರ್ಷ ಓದಲು ಕನ್ನಡಕ ಸಾಕು. ಶ್ರೀಮಂತ ದೇಶಗಳು ಕನ್ನಡಕವನ್ನೂ ಹಾಕಿಕೊಳ್ಳದೆ ಇನ್ನೊಂದು ಉಪಾಯ ಮಾಡುತ್ತವೆ, ಬೇಡವಾದ ಲಾರಿಯನ್ನು ಹಡಗು ಹತ್ತಿಸಿ ಬಡ ದೇಶಕ್ಕೆ ಕಳಿಸುತ್ತವೆ. ಅಲ್ಲಿಗೆ ತಮ್ಮ ಊರಿನ ಗಾಳಿ ಶುದ್ಧ, ಗಾಳಿಗೇನು ಪಾಸ್‌ಪೋರ್ಟ್ ಇದೆಯೇ.

ಹಳೆ ವಾಹನಗಳ ಪ್ರದರ್ಶನವೊಂದರ ಬಾಗಿಲನ್ನು ಕಲ್ಪಿಸಿಕೊಳ್ಳಿ. 1950ರ ದಶಕದ ಲಾರಿಯೊಂದು ಫಳಫಳ ಹೊಳೆಯುತ್ತ ಬಂದಿದೆ. ಟೈರು ಸವೆಯಬಾರದೆಂದು ಅದನ್ನು ಟ್ರೇಲರ್ ಮೇಲೆ ಏರಿಸಿ, ಹಗ್ಗ ಬಿಗಿದು ತಂದಿದ್ದಾರೆ. ಎಳೆದು ತಂದದ್ದು ಇನ್ನೊಂದು ಲಾರಿ, ಬಣ್ಣ ಕಿತ್ತುಹೋಗಿ, ಬಂಪರಿಗೆ ತಂತಿ ಸುತ್ತಿಕೊಂಡದ್ದು, ಗುಜರಿಗೂ ಪರಂಪರೆಗೂ ನಡುವಿನ ವಯಸ್ಸು. ಮೇಲಿದ್ದ ಲಾರಿಗೆ ಹಾರ ಬಿತ್ತು. ಅಷ್ಟರಲ್ಲಿ ಅಧಿಕಾರಿಯೊಬ್ಬರು ಪುಸ್ತಕ ಹಿಡಿದು ಚಾಲಕನ ಕಿಟಕಿಯ ಹತ್ತಿರ ಬಂದರು.

“ಏನಪ್ಪಾ, ಗಾಡಿಗೆ ವಯಸ್ಸೆಷ್ಟು?”

“ಯಾವುದಕ್ಕೆ ಸಾರ್? ಕೂತಿರೋದಕ್ಕೋ, ಎಳೀತಿರೋದಕ್ಕೋ?”