ಬೆಳ್ಳಕ್ಕಿ ನಿಂತಲ್ಲಿ ಬೋಟು ಹೋಗದು

ಏಪ್ರಿಲ್ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಕೆರೆಗಳಲ್ಲಿ ಬೋಟಿಂಗ್ ಎಂದರೆ ಅರ್ಧ ನೀರಿನ ಸವಾರಿ, ಅರ್ಧ ರಾಡಿಯ ಸೇವೆ. ಟಿಕೆಟ್ ತಗೊಂಡವರು ಮಾತ್ರ ದಂಡೆಯಲ್ಲಿ ನಿಂತು "ನೀರ ಭಾಳ ಐತಲ್ರೀ!" ಎಂದು ಖುಷಿಪಡುತ್ತಾರೆ. ಮೇಲಿಂದ ನೋಡಿದರೆ ಹತ್ತಡಿ ನೀರೂ ಅರ್ಧ ಅಡಿ ನೀರೂ ಒಂದೇ ಥರ ಹೊಳೆಯುತ್ತವೆ. ವ್ಯತ್ಯಾಸ ಮೊದಲು ಗೊತ್ತಾಗುವುದು ಬೋಟಿನ ತಳಕ್ಕೆ, ಆಮೇಲೆ ಅದರಲ್ಲಿ ಕೂತವರ ತಳಕ್ಕೆ.

ಆಲಮಟ್ಟಿಗೆ ಹೋಗುವವರ ಧೈರ್ಯ ಇನ್ನೂ ದೊಡ್ಡದು. ಪೇಪರಿನಲ್ಲಿ ಜಲಾಶಯದ ಮಟ್ಟ ದಿನಾ ಬರುತ್ತದೆ. ಪೂರ್ತಿ ತುಂಬಿದರೆ 519.60 ಮೀಟರ್. "ಐದನೂರ ಮೀಟರ ನೀರಿನ್ಯಾಗ ಬೋಟ ಹ್ಯಾಂಗ ಸಿಗಬೀಳತೈತಿ?" ಅದು ಸಮುದ್ರಮಟ್ಟದಿಂದ ಎಣಿಸಿದ ಎತ್ತರ, ಸ್ವಾಮಿ. ಅಣೆಕಟ್ಟಿನ ಎತ್ತರವೇ 52 ಮೀಟರಿನ ಆಸುಪಾಸು. ಹಿನ್ನೀರಿನ ಅಂಚಿಗೆ ಬಂದರೆ ಲೆಕ್ಕ ಮೀಟರಿನದಲ್ಲ, ಗೇಣಿನದು.

ಬೆಳಗಾವಿಯ ಕೋಟೆ ಕೆರೆಯಿರಲಿ, ವಿಜಯಪುರದ ಭೂತನಾಳ ಕೆರೆಯಿರಲಿ, ಬಿಸಿಲು ತನ್ನ ಪಾಲು ಬಿಡುವುದಿಲ್ಲ. ಬಿರುಬೇಸಿಗೆಯಲ್ಲಿ ದಿನಕ್ಕೆ ಸುಮಾರು 7–8 ಮಿಲಿಮೀಟರ್ ಆವಿಯಾದರೂ ತಿಂಗಳಿಗೆ ಮುಕ್ಕಾಲಡಿ ಹೋಯಿತು. ಮುಕ್ಕಾಲಡಿ ಏನು ಮಹಾ ಅನ್ನಬೇಡಿ. ದಂಡೆಯ ಇಳಿಜಾರು ಐವತ್ತಕ್ಕೆ ಒಂದರಂತಿದ್ದರೆ, ನೀರು ಒಂದಡಿ ಇಳಿದಾಗ ಅಂಚು ಐವತ್ತಡಿ ಹಿಂದೆ ಸರಿಯುತ್ತದೆ. ಕೆರೆಯ ಆಳವೆಲ್ಲ ಒಡ್ಡಿನ ಹತ್ತಿರ, ತೂಬಿನ ಕಡೆ. ಹಳ್ಳ ಬಂದು ಸೇರುವ ತುದಿಯಲ್ಲಿ ಹೂಳು ಕೂತು ತೆಳ್ಳಗಿರುತ್ತದೆ. ಜನಕ್ಕೆ ಸೆಲ್ಫಿ ಬೇಕಾಗುವುದು ಖಚಿತವಾಗಿ ಆ ತುದಿಯಲ್ಲೇ, ಹಕ್ಕಿಗಳು ಅಲ್ಲಿರುತ್ತವಲ್ಲ.

ಹಕ್ಕಿ ನೋಡುವುದೇನೋ ಒಳ್ಳೆಯದೇ, ಆಳ ತಿಳಿಯಲು. ಬೆಳ್ಳಕ್ಕಿ ನಿಂತಿದ್ದರೆ ಅಲ್ಲಿ ಗೇಣು ನೀರೂ ಇಲ್ಲ. ನೀರುಕಾಗೆ ಮುಳುಗಿ ದೂರದಲ್ಲಿ ಏಳುತ್ತಿದ್ದರೆ ಪೆಡಲ್ ಬೋಟಿಗೆ ಸಾಕು ಎಂದು ಮುಕ್ಕಾಲು ಪಾಲು ನಂಬಬಹುದು. ಎಮ್ಮೆಯನ್ನು ಮಾತ್ರ ನಂಬಬಾರದು: ಎರಡೂವರೆ ಅಡಿ ನೀರಿನಲ್ಲಿ ಆರಾಮಾಗಿ ಕೂತು, ಮೂಗಷ್ಟೇ ತೋರಿಸಿ, ಹತ್ತಾಳು ಆಳವಿದ್ದಂತೆ ನಾಟಕ ಮಾಡುತ್ತದೆ. ಅದಕ್ಕೇ ಅರ್ಧ ಅಡಿಗೊಂದು ಗುರುತು ಬಳಿದ ಬಿದಿರಿನ ಕೋಲೊಂದು ಬೋಟಿನಲ್ಲಿರಬೇಕು. ಇಳಿಬಿಟ್ಟಾಗ ಮೊದಲು ತಾಗುವುದು ರಾಡಿಯ ಮೇಲ್ಮೈ; ಒತ್ತಿದಾಗ ನಿಲ್ಲುವುದು ಗಟ್ಟಿ ನೆಲ. ಎರಡರ ನಡುವಿನದು ಹೂಳು. ಮೊದಲನೆಯ ಅಳತೆ ಬೋಟಿಗೆ ಬೇಕು, ಎರಡನೆಯದು ಕೆಳಗೆ ಜಿಗಿಯುವ ಶೂರರಿಗೆ.

ನಾಲ್ಕು ಜನ ಕೂತ ಪೆಡಲ್ ಬೋಟು ಹತ್ತಿರಹತ್ತಿರ ಒಂದಡಿ ಮುಳುಗುತ್ತದೆ. ಎರಡಡಿಗಿಂತ ಕಡಿಮೆ ನೀರಿಗೆ ಒಯ್ಯದಿರುವುದು ಲೇಸು. ಆದರೂ ಒಯ್ಯುತ್ತಾರೆ, ಸಿಕ್ಕಿಕೊಳ್ಳುತ್ತಾರೆ. ಆಗ ಎಲ್ಲರೂ ಜೋರಾಗಿ ಮುಂದಕ್ಕೆ ತುಳಿಯುವುದು ಸಂಪ್ರದಾಯ. ಚಕ್ರದ ರೆಕ್ಕೆಗಳು ಹೂಳನ್ನು ಕಡೆದು, ಬೋಟು ಇನ್ನಷ್ಟು ಹೂತು ಕೂರುತ್ತದೆ. ಮಾಡಬೇಕಾದದ್ದು ಇಷ್ಟು: ತುಳಿಯುವುದು ನಿಲ್ಲಿಸಿ. ಮೂತಿ ಸಿಕ್ಕಿದ್ದರೆ ಮುಂದಿನವರು ಒಬ್ಬೊಬ್ಬರಾಗಿ, ಬಗ್ಗಿಕೊಂಡು, ಹಿಂದಕ್ಕೆ ಬನ್ನಿ. ಹೊಟ್ಟೆಯುಳ್ಳ ಕಾಕಾ ಮೊದಲು. ಅವರ ಹೊಟ್ಟೆ ಇಷ್ಟು ಉಪಯೋಗಕ್ಕೆ ಬರುವ ಜಾಗ ಬೇರೆಲ್ಲೂ ಇಲ್ಲ. ಆಮೇಲೆ ಬೋಟನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ಒಲೆಸಿ. ತಳಕ್ಕೆ ಹಿಡಿದ ರಾಡಿಯೊಳಗೆ ನೀರು ಹೊಕ್ಕರೆ ಹಿಡಿತ ಬಿಡುತ್ತದೆ. ಆಗ ಹಿಮ್ಮುಖವಾಗಿ ನಿಧಾನ ಪೆಡಲ್. ಜೊಂಡು ಸುತ್ತಿದ್ದರೆ ಎಲ್ಲರ ಕಾಲೂ ಪೆಡಲ್ ಮೇಲಿಂದ ಇಳಿದ ಮೇಲೆಯೇ ಕುಡಗೋಲು ಹಾಕಬೇಕು. "ಒಂದ ಸಲ ತುಳದ ನೋಡ್ತೇನಿ" ಎನ್ನುವವರಿಂದಲೇ ಬೆರಳು ಹೋಗುವುದು.

ಇಳಿದು ತಳ್ಳಲೇಬೇಕೆಂದರೆ ಚಪ್ಪಲಿ ಬಿಟ್ಟು ಇಳಿಯಿರಿ. ಅಥಣಿಯಲ್ಲಿ ಕೈಯಿಂದ ಹೊಲಿದ ಚಪ್ಪಲಿ ರಾಡಿಯಲ್ಲಿ ಹೋದರೆ ಅದು ಕೆರೆಗೇ ಅರ್ಪಣೆ. ಹೂತ ಕಾಲನ್ನು ನೇರ ಎಳೆಯಬಾರದು, ಹಿಮ್ಮಡಿ ಆಡಿಸಿ ಸಡಿಲ ಮಾಡಬೇಕು. "ಮೊಣಕಾಲ ಮಟಾ ನೀರ ಐತಿ, ಜಾಕೀಟ ಯಾಕ್ರೀ?" ಎಂಬ ವಾದವೂ ಇಲ್ಲೇ ಮುಗಿಯುತ್ತದೆ. ಎರಡೂ ಕಾಲು ಸಿಕ್ಕವನು ಬೋರಲು ಬಿದ್ದರೆ ಮೊಣಕಾಲಿನ ನೀರು ಮೂಗಿಗೆ ಧಾರಾಳ ಸಾಕು.

ಮೋಟರ್ ಬೋಟಿನದು ಬೇರೆ ರಾಗ. ಹಿಂಬದಿಯ ಸಣ್ಣ ರಂಧ್ರದಿಂದ ಚಿಮ್ಮುವ ನೀರು ನಿಂತಿತೋ, ಎಂಜಿನ್ ಬಂದ್ ಮಾಡಿ. ಎಂಜಿನ್ ತಂಪಿಡುವ ನೀರು ಒಳಹೋಗುವ ಬಾಯಿಗೆ ರಾಡಿ ಕಟ್ಟಿರಬಹುದು. ಆ ನೀರನ್ನು ತಳ್ಳುವ ಒಳಗಿನ ರಬ್ಬರ್ ರೆಕ್ಕೆ ಸುಟ್ಟರೆ ಅಂದಿನ ಗಳಿಕೆ ಅದಕ್ಕೇ. ಅನೇಕ ಚಿಕ್ಕ ಮೋಟರುಗಳ ಪ್ರೊಪೆಲ್ಲರಿಗೆ ಮೆತ್ತನೆ ಲೋಹದ ಪಿನ್ ಇರುತ್ತದೆ. ಕಲ್ಲಿಗೆ ಬಡಿದಾಗ ಅದು ಮುರಿದು ಗೇರನ್ನು ಉಳಿಸುತ್ತದೆ. ನಮ್ಮ ಜಾಣರು ಅಲ್ಲಿಗೆ ಗಟ್ಟಿ ಉಕ್ಕಿನ ಮೊಳೆ ಹಾಕುತ್ತಾರೆ. ಮೊಳೆ ಮುರಿಯುವುದೇ ಇಲ್ಲ, ಶಭಾಷ್, ಗೇರು ಮುರಿಯುತ್ತದೆ.

ನೀರಿಳಿದಾಗ ಮೆಟ್ಟಿಲಿಗೂ ಬೋಟಿಗೂ ನಡುವೆ ಆಳೆತ್ತರದ ಸಂದು. ಅದಕ್ಕೆ ಡ್ರಮ್ಮಿನ ತೇಲು ಕಟ್ಟೆ ಒಳ್ಳೆಯದು. 200 ಲೀಟರಿನ ಕಬ್ಬಿಣದ ಡ್ರಮ್ಮು ತನ್ನ ತೂಕ ಕಳೆದು ಸುಮಾರು 180 ಕಿಲೋ ಹೊರುತ್ತದೆ, ಆರಕ್ಕೆ 1080. ಅರ್ಧಕ್ಕಿಂತ, ಅಂದರೆ 540 ಕಿಲೋಗಿಂತ, ಹೆಚ್ಚು ಹೇರಬಾರದು. ಅದರಲ್ಲಿ ಹಲಗೆ, ಕಬ್ಬಿಣ ಅಂತ 150 ಕಳೆದರೆ ಉಳಿದದ್ದು ಐದು ಜನಕ್ಕೆ. ಫೋಟೋಕ್ಕೆ ನಿಲ್ಲುವವರು ಹನ್ನೆರಡು, ಅದೂ ಒಂದೇ ಅಂಚಿಗೆ.

ಕೆರೆ ಬತ್ತಿದಾಗಿನ ಒಂದೇ ಲಾಭ: ಮೇ ತಿಂಗಳಲ್ಲಿ ಬಂಡೆ, ಬೊಡ್ಡೆ, ಗಣಪತಿಯ ಕಬ್ಬಿಣದ ಚೌಕಟ್ಟು ಎಲ್ಲ ಕಣ್ಣಿಗೆ ಕಾಣುತ್ತವೆ. ಮಳೆ ಬಂದು ಅವುಗಳ ಮೇಲೆ ಅರ್ಧ ಅಡಿ ನೀರು ನಿಂತರೆ ಮುಗಿಯಿತು. ಹಾಗಾಗಿ ಆಗಲೇ ಗೂಟ ಹುಗಿದು ಕೆಂಪು ಬಟ್ಟೆ ಕಟ್ಟಬೇಕು. ಕಟ್ಟಿಗೆಯ ಗೂಟವಾದರೆ ವಾರದೊಳಗೆ ಎಮ್ಮೆ ಕಟ್ಟಲು ಹೋಗುತ್ತದೆ, ಬಿದಿರಾದರೆ ಒಲೆಗೆ. ಪಿವಿಸಿ ಪೈಪಿಗೆ ಸಿಮೆಂಟು ತುಂಬಿ ಹುಗಿದರೆ ಉಳಿಯುತ್ತದೆ. ಅದರ ಮೇಲೂ ಯಾರೋ ಧೋತರ ಒಣಹಾಕಿರುತ್ತಾರೆ. ಇರಲಿ ಬಿಡಿ, ಬಿಳಿ ಧೋತರ ಕೆಂಪು ಬಟ್ಟೆಗಿಂತ ದೂರದಿಂದ ಕಾಣುತ್ತದೆ.