ಗೊಂಬೆಗೂ ಕಾಗದ ಬೇಕೇನ್ರೀ?

ದೊಡ್ಡ ಕಂಪನಿಗಳ ಬುದ್ಧಿಯೇ ಬೇರೆ. ಮನೆ ಬಾಗಿಲಿಗೆ ಲಕ್ಷ್ಮಿ ಬಂದರೆ ಮೊದಲು ವಕೀಲರಿಗೆ ಫೋನ್ ಮಾಡುತ್ತವೆ. ವಕೀಲರು ಬಂದು, ಕನ್ನಡಕ ಏರಿಸಿ, ಲಕ್ಷ್ಮಿಯ ಕಾಗದಪತ್ರ ಸರಿಯಿಲ್ಲ ಅನ್ನುವಷ್ಟರಲ್ಲಿ ಆಕೆ ಪಕ್ಕದ ಮನೆಯಲ್ಲಿ ಚಹಾ ಕುಡಿಯುತ್ತಿರುತ್ತಾಳೆ.

1976ರಲ್ಲಿ ಅಮೆರಿಕದ ಮೀಗೋ ಕಂಪನಿಗೆ ಆದದ್ದು ಇದೇ. ಸಿನಿಮಾ, ಕಾಮಿಕ್ಸ್ ಹೀರೋಗಳ ಗೊಂಬೆ ಅಂದರೆ ಆಗ ಮೀಗೋ. 'ಸ್ಟಾರ್ ವಾರ್ಸ್' ಅಂತ ಒಂದು ಸಿನಿಮಾ ಬರ್ತಾ ಇದೆ, ಗೊಂಬೆ ಮಾಡ್ತೀರಾ ಅಂದರೆ, ಬೇಡ ಅಂದರು. ಹೆಸರೇ ಕೇಳದ ಸಿನಿಮಾಗಳಿಗೆಲ್ಲ ಗೊಂಬೆ ಮಾಡುತ್ತಾ ಕೂತರೆ ದೊಡ್ಡ ಕಂಪನಿಯ ಮರ್ಯಾದೆ ಏನಾಗಬೇಕು? ಆ ಹಕ್ಕು ಕೆನ್ನರ್ ಎಂಬ ಕಂಪನಿಗೆ ಹೋಯಿತು. 1982ರಲ್ಲಿ ಮೀಗೋ ದಿವಾಳಿ ಅರ್ಜಿ ಹಾಕಿತು. ಮರ್ಯಾದೆ ಮಾತ್ರ ಹಾಗೇ ಉಳಿದಿತ್ತು ಅಂತ ನಂಬೋಣ.

ಕೆನ್ನರ್‌ನವರದು ಇನ್ನೂ ಚೆಂದದ ಕಥೆ. 1977ರಲ್ಲಿ ಸಿನಿಮಾ ಬಂತು, ಮಕ್ಕಳು ಹುಚ್ಚೆದ್ದರು, ಕ್ರಿಸ್‌ಮಸ್ ಹತ್ತಿರ ಬಂತು. ಗೊಂಬೆ ಮಾತ್ರ ತಯಾರಾಗಿರಲಿಲ್ಲ. ಏನು ಮಾಡಿದರು ಗೊತ್ತಾ? ಖಾಲಿ ಡಬ್ಬಿ ಮಾರಿದರು! ಒಳಗೆ ಗೊಂಬೆ ನಿಲ್ಲಿಸೋಕೆ ಒಂದು ರಟ್ಟು, ಒಂದಿಷ್ಟು ಸ್ಟಿಕ್ಕರ್, ಒಂದು ಕೂಪನ್. ಕೂಪನ್ ಅಂಚೆಗೆ ಹಾಕಿ, ನಾಲ್ಕು ಗೊಂಬೆ ಆಮೇಲೆ ಮನೆಗೆ ಬರ್ತವೆ ಅಂದರು. ಜನ ದುಡ್ಡು ಕೊಟ್ಟು ಕೊಂಡರು.

ಇದನ್ನು ಓದಿ ಅಮೆರಿಕದವರು ಇಂದಿಗೂ ಬೆರಗಾಗುತ್ತಾರಂತೆ. ಕಲಬುರಗಿಯವರು ಯಾಕೆ ಬೆರಗಾಗಬೇಕು? ನಮಗೆ 2014ರಲ್ಲೇ ರೈಲ್ವೆ ವಿಭಾಗದ ಕೂಪನ್ ಸಿಕ್ಕಿದೆ. ರಟ್ಟು, ಸ್ಟಿಕ್ಕರ್, ಭಾಷಣ ಎಲ್ಲ ಬಂದಿವೆ. ಕೆನ್ನರ್‌ನವರು ಪಾಪ, ಮುಂದಿನ ವರ್ಷವೇ ಗೊಂಬೆ ಕಳಿಸಿಬಿಟ್ಟರು. ರಾಜಕೀಯ ಗೊತ್ತಿಲ್ಲದ ಜನ.

ಇಷ್ಟೆಲ್ಲ ಆದ ಮೇಲಾದರೂ ಉಳಿದವರು ಕಲಿತರಾ? 1995ರ 'ಟಾಯ್ ಸ್ಟೋರಿ' ಎಂಬ ಮಾತಾಡುವ ಗೊಂಬೆಗಳ ಸಿನಿಮಾ ಮಾಡುವವರು ಬಾರ್ಬಿಯನ್ನು ಸಿನಿಮಾಕ್ಕೆ ಕಳಿಸಿ ಅಂತ ಅವಳನ್ನು ಮಾಡುವ ಮ್ಯಾಟೆಲ್ ಕಂಪನಿಯನ್ನು ಕೇಳಿದರು. ಆಗಲ್ಲ ಅಂದರು. ಬಾರ್ಬಿ ಮಾತಾಡಿದರೆ ಅವಳಿಗೊಂದು ಸ್ವಭಾವ ಬಂದುಬಿಡುತ್ತದೆ, ಆಮೇಲೆ ಮಕ್ಕಳು ತಮಗೆ ಬೇಕಾದ ಹಾಗೆ ಕಲ್ಪಿಸಿಕೊಳ್ಳೋದು ಹೇಗೆ ಅನ್ನೋದು ಚಿಂತೆ. ಸೂಟು ಹಾಕಿದ ಗಂಡಸರು ಮೇಜಿನ ಸುತ್ತ ಕೂತು, ಪ್ಲಾಸ್ಟಿಕ್ ಹುಡುಗಿ ಬಾಯಿ ಬಿಡಬೇಕೋ ಬೇಡವೋ ಅಂತ ಚರ್ಚೆ ಮಾಡೋದನ್ನು ಸುಮ್ನೆ ಒಮ್ಮೆ ಊಹಿಸಿಕೊಳ್ಳಿ. ಸಿನಿಮಾದ ಗೊಂಬೆ ಮಾಡುವ ಹಕ್ಕನ್ನೂ ದೊಡ್ಡವರು ಬಿಟ್ಟರು. ಕೆನಡಾದ ಥಿಂಕ್‌ವೇ ಎಂಬ ಸಣ್ಣ ಕಂಪನಿ ಎತ್ತಿಕೊಂಡಿತು, ಮಾಡಿದ ಗೊಂಬೆಯೆಲ್ಲ ಮಾರಿಹೋದವು. 1999ರ ಎರಡನೇ ಭಾಗದಲ್ಲಿ ಬಾರ್ಬಿ ನಗುನಗುತ್ತಾ ಬಂದಳು, ಬಾಯಿ ತುಂಬಾ ಮಾತಾಡಿದಳು. ಸ್ವಭಾವದ ಚಿಂತೆ ಎಲ್ಲಿ ಹೋಯಿತೋ, ಯಾರೂ ಕೇಳಲಿಲ್ಲ.

ಇದೇ ಮ್ಯಾಟೆಲ್ ಅದಕ್ಕೂ ಮುಂಚೆ ಕೋನನ್ ಎಂಬ ಸಿನಿಮಾ ಕತ್ತಿವೀರನ ಗೊಂಬೆಗೆ ಸಹಿ ಹಾಕಿ, ಹೊಡೆದಾಟ ಜಾಸ್ತಿಯಾಯಿತು ಅಂತ ಹಿಂದೆ ಸರಿದಿತ್ತು. ಅಷ್ಟರಲ್ಲಿ ಅದರದೇ ಹೀ-ಮ್ಯಾನ್ ಬಂದ. ಅದೇ ಕತ್ತಿ, ಅದೇ ತೋಳು, ಚಡ್ಡಿ ಕೂಡ ಹೆಚ್ಚುಕಮ್ಮಿ ಅದೇ. ಕೋನನ್ ಕಡೆಯವರು ಕೇಸು ಹಾಕಿ ಸೋತರು.

ಇನ್ನು ನಮ್ಮ ಶರಣಬಸವೇಶ್ವರ ಜಾತ್ರೆಗೆ ಬನ್ನಿ. ಇಲ್ಲಿ ಯಾವ ಒಪ್ಪಂದವೂ ಮುರಿದುಬಿದ್ದಿಲ್ಲ, ಯಾಕೆಂದರೆ ಯಾರೂ ಒಪ್ಪಂದ ಮಾಡಿಕೊಂಡೇ ಇಲ್ಲ. ಬಲೂನ್ ಅಂಗಡಿ ಪಕ್ಕ ದಾರಕ್ಕೆ ನೇತುಬಿದ್ದ ಒಬ್ಬ ವೀರನನ್ನು ನೋಡಿ. ಮುಖ ಸ್ಪೈಡರ್‌ಮ್ಯಾನ್‌ದು, ಮೈ ಹಲ್ಕ್‌ನ ಹಸಿರು, ಎದೆ ಮೇಲೆ ಬಾವಲಿ, ಹೆಗಲಿಗೆ ಸೂಪರ್‌ಮ್ಯಾನ್‌ನ ಕೆಂಪು ವಲ್ಲಿ. ಹೊಟ್ಟೆ ಒತ್ತಿದರೆ ಕಣ್ಣು ಮಿಣಮಿಣ, ಜೊತೆಗೊಂದು ಹಿಂದಿ ಹಾಡು. ಮಾರ್ವೆಲ್, ಡಿಸಿ ಎಂಬ ಎರಡು ಕಾಮಿಕ್ಸ್ ಕಂಪನಿಗಳ ಹೀರೋಗಳನ್ನು ಒಂದೇ ಮೈಗೆ ಸೇರಿಸಲು ನ್ಯೂಯಾರ್ಕ್‌ನಲ್ಲಿ ಎಷ್ಟು ವಕೀಲರು ಬೇಕೋ, ಇಲ್ಲಿ ಒಂದು ಅಂಟಿನ ಟ್ಯೂಬ್ ಸಾಕಾಗಿದೆ.

ಇದು ಯಾರಪ್ಪಾ ಅಂತ ಕೇಳಿದರೆ ಅಂಗಡಿಯವನು ತಡವರಿಸಲಿಲ್ಲ. "ಎಲ್ಲಾರೂ ಇದರಾಗ ಹರ ರೀ ಸರ. ಮನ್ಯಾಗ ಇಬ್ಬರು ಹುಡುಗರಿದ್ರ ಜಗಳಾನೇ ಇಲ್ಲ. ನೂರಾ ಐವತ್ತು. ನಿಮಗ ಅಂತ ನೂರಾ ಇಪ್ಪತ್ತು." ಪರ್ಮಿಷನ್ ಯಾರು ಕೊಟ್ಟರು ಅಂದೆ. "ಹರಾಜಿನ್ಯಾಗ ಜಾಗಾ ಹಿಡದೀನ್ರೀ, ಚೀಟಿ ಅದ, ತೋರಸ್ಲೇನು?"

ಮಕ್ಕಳಿಗೆ ಖುಷಿ. ಒಂದು ಕೈ ಮನೆ ಮುಟ್ಟುವ ಮೊದಲೇ ಉದುರುತ್ತದೆ, ಅದು ಬೇರೆ ಮಾತು.

ಕದ್ದ ಮಾಲು ಅಂತ ನಾವ್ಯಾರೂ ಮೂಗು ಮುರಿಯುವುದಿಲ್ಲ. ಆದರೆ 2019ರಲ್ಲಿ ನಮ್ಮ ತೊಗರಿಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಮಾಲು ಎಂಬ ಸರ್ಕಾರಿ ಗುರುತು, ಬಂದಿದೆ ನೋಡಿ, ಅದರ ವಿಷಯಕ್ಕೆ ಬಂದರೆ ನಾವೇ ವಕೀಲರು. ಎಲ್ಲಿಯದೋ ಬೇಳೆಯನ್ನು ಕಲಬುರಗಿ ಚೀಲಕ್ಕೆ ತುಂಬಿ ಮಾರುತ್ತಾರೆ, ಇದು ಮೋಸ, ಕೇಸು ಹಾಕಬೇಕು ಅಂತ ಚಹಾದಂಗಡಿಯಲ್ಲಿ ಒಬ್ಬರು ಮೇಜು ಗುದ್ದುತ್ತಿದ್ದರು. ನ್ಯಾಯವೇ, ಅಲ್ವಾ? ಅವರ ಸ್ಕೂಟರಿನ ಹ್ಯಾಂಡಲ್‌ಗೆ ಮೊಮ್ಮಗನ ಆ ಹಸಿರು ಸ್ಪೈಡರ್‌ಮ್ಯಾನ್ ನೇತಾಡುತ್ತಿದ್ದ. ಕಾಕಾ, ಇವನ ಮಾಲೀಕರಿಗೂ ಹಿಂಗೇ ಅನಸ್ತದಲ್ಲ ಅಂದೆ.

"ಏಯ್, ಅದು ಬ್ಯಾರೆ, ಇದು ಬ್ಯಾರೆ," ಅಂದರು ಕಾಕಾ. "ಬ್ಯಾಳಿ ನಮ್ದದ."